ಸರ್ವರ್‌ಗೆ ಕೇಳಿಸದ ಗುಟ್ಟು

ಪುಟವೇನೋ ತೆರೆಯಿತು, ಆದರೆ ಒಳಗೆ ಬರಿದೋ ಬರಿದು. ಡಯಾಲಿಸಿಸ್ ಕೇಂದ್ರದ ಹದಿನಾಲ್ಕು ಯಂತ್ರಗಳೂ ಅವುಗಳ ವೇಳೆಯೂ ಕಾಣಬೇಕಾಗಿದ್ದ ಜಾಗದಲ್ಲಿ ಒಂದೇ ಸಾಲು: ‘ಡೇಟಾಬೇಸ್ ಸಿಗುತ್ತಿಲ್ಲ’. ಟೋಕನ್ ಅಕ್ಕ ಮತ್ತೊಮ್ಮೆ ತೆರೆದು ನೋಡಿದಳು, ಅದೇ ಸಾಲು. ನಿನ್ನೆ ಸಂಜೆಯವರೆಗೂ ಅವಳ ಕಂಪ್ಯೂಟರಿನಲ್ಲಿ ಎಣ್ಣೆ ಬಿಟ್ಟ ಚಕ್ರದ ಹಾಗೆ ಓಡಿದ್ದ, ಅವಳೇ ಬರೆದ ಪುಟ, ಕೇಂದ್ರದ ಸರ್ವರ್ ಏರಿದ ಮೊದಲ ಬೆಳಗ್ಗೆಯೇ ಕೈಕೊಟ್ಟಿತ್ತು.

"ಏನಾಯ್ತು ಅಕ್ಕ?" ಹೆಡ್ ನರ್ಸ್ ಬಾಗಿಲಲ್ಲೇ ನಿಂತು ಕೇಳಿದಳು. "ಇನ್ಮೇಲೆ ಹೆಸರು ಬರೆಸೋಕೆ ಬರ್ಬೇಡಿ, ಮನೇಲೇ ಕೂತು ಫೋನಲ್ಲಿ ಒತ್ತಿ ಅಂತ ನಾನೇ ಡಂಗುರ ಸಾರಿದ್ದೀನಿ. ನಂಬದೆ ಬಂದು ಕೂತವರೇ ಮೂವತ್ತು ಜನ ಇದ್ದಾರೆ."

ಹನ್ನೊಂದು ವರ್ಷ ಇದೇ ಕೇಂದ್ರದ ಮುಂದಿನ ಮೇಜಿನಲ್ಲಿ ಕೂತು ಟೋಕನ್ ಹರಿದು ಕೊಟ್ಟವಳು ಟೋಕನ್ ಅಕ್ಕ. ಚಿಕಿತ್ಸೆಗಲ್ಲ, ಮುಂದಿನ ಚಿಕಿತ್ಸೆಗೆ ಹೆಸರು ಬರೆಸಲಿಕ್ಕೆಂದೇ ನಿಲ್ಲಲಾರದ ಜನ ಬಂದು ಗಂಟೆಗಟ್ಟಲೆ ನಿಲ್ಲುವುದನ್ನು ನೋಡಿ ನೋಡಿ ಸಾಕಾಗಿ, ನಲವತ್ತೆರಡನೆಯ ವಯಸ್ಸಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಳು. ಮೊದಲ ಸಲ ಅವಳು ಡೇಟಾಬೇಸಿನ ಪಾಸ್‌ವರ್ಡ್‌ಗೆ ಪ್ರೋಗ್ರಾಮಿನಲ್ಲೇ ಜಾಗ ಬಿಟ್ಟಿದ್ದಳು. ಸರ್ವರ್ ನೋಡಿಕೊಳ್ಳುವ ಹಿರಿಯರು ಅದನ್ನು ನಿರ್ದಾಕ್ಷಿಣ್ಯವಾಗಿ ವಾಪಸ್ ಕಳಿಸಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಬೀಗರು’ ಎಂದು. ಹೆಣ್ಣು ಕೊಟ್ಟು ತಂದ ಸಂಬಂಧದಿಂದಲ್ಲ, ಪಾಸ್‌ವರ್ಡ್ ವಿಷಯದಲ್ಲಿ ಬಾಯಿಗೆ ಹಾಕಿಕೊಂಡ ಬೀಗದಿಂದ.

"ಪ್ರೋಗ್ರಾಮನ್ನ ಹತ್ತು ಜನ ನೋಡ್ತಾರಮ್ಮ," ಎಂದಿದ್ದರು. "ಜನರ ಕಾಯಿಲೆ ಕಸಾಲೆಯೆಲ್ಲ ಡೇಟಾಬೇಸಲ್ಲಿದೆ. ಅದರ ಕೀಲಿಯನ್ನ ಪ್ರೋಗ್ರಾಮಲ್ಲಿ ಬರೀಬೇಡ. ಒಂದು ಹೆಸರು ಕೊಟ್ಟು ಸರ್ವರಲ್ಲಿ ಇಟ್ಟಿರ್ತೀನಿ. ನಿನ್ನ ಪ್ರೋಗ್ರಾಮ್ ಆ ಹೆಸರು ಹಿಡಿದು ಕೇಳಲಿ. ಎನ್ವಿರಾನ್‌ಮೆಂಟ್ ವೇರಿಯಬಲ್ ಅಂತಾರೆ." ಅವಳು ಹಾಗೇ ತಿದ್ದಿಕೊಂಡು ಬಂದಿದ್ದಳು. ಈಗ ನೋಡಿದರೆ ಹೀಗೆ.

"ಬೀಗರನ್ನ ಕಾಡಿ ಬೇಡಿ ಪಾಸ್‌ವರ್ಡ್ ಇಸ್ಕೊಂಡು ಇವತ್ತೊಂದಿನ ಒಳಗೇ ಬರೆದುಬಿಡು," ಎಂದಳು ನರ್ಸ್.

"ಒಂದಿನ ಅಂತ ಬರೆದಿದ್ದು ಅಲ್ಲೇ ಬೇರು ಬಿಡುತ್ತೆ ಸಿಸ್ಟರ್. ಹತ್ತು ನಿಮಿಷ ಕೊಡಿ."

ಅವಳು ನಾಲ್ಕೇ ಸಾಲಿನ ಒಂದು ಪರೀಕ್ಷೆಯ ಪುಟ ಬರೆದಳು. ಬೀಗರು ಕೊಟ್ಟ ಹೆಸರಿನದ್ದೇನಾದರೂ ಸರ್ವರ್‌ನಿಂದ ಸಿಗುತ್ತಿದೆಯೇ ಎಂದಷ್ಟೇ ಅದು ಹೇಳಬೇಕು, ಗುಟ್ಟನ್ನು ಮಾತ್ರ ತೋರಿಸಬಾರದು. ‘ಇಲ್ಲ’ ಎಂದು ಬಂತು. ಹೆಸರಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ತಾಳೆ ನೋಡಿದಳು. ಸರಿಯಾಗಿಯೇ ಇತ್ತು. ಮತ್ತೆ ‘ಇಲ್ಲ’. ಹಾಗಾದರೆ ತಪ್ಪು ತನ್ನದಲ್ಲ. ಇದು ಹೊಳೆದರೂ ಅವಳಿಗೆ ಸಮಾಧಾನವಾಗಲಿಲ್ಲ. ಇಪ್ಪತ್ತಾರು ವರ್ಷ ಸರ್ವಿಸಿನ ಮನುಷ್ಯನ ಎದುರು, ನಿನ್ನೆ ಮೊನ್ನೆ ಕಣ್ಣು ಬಿಟ್ಟ ತಾನು ಹೋಗಿ ‘ನಿಮ್ಮದೇ ತಪ್ಪು’ ಎನ್ನುವುದು ಹೇಗೆ?

ಹೇಗೋ ಏನೋ, ಮಹಡಿ ಹತ್ತಿ ಬೀಗರ ಕೋಣೆಗೆ ಹೋಗಿ, ಆ ಹೆಸರಿನಲ್ಲಿ ಪಾಸ್‌ವರ್ಡ್ ಸಿಗುತ್ತಿಲ್ಲ ಎಂದಳು.

"ನಾನೇ ಕೈಯಾರೆ ಇಟ್ಟಿದ್ದೀನಿ," ಬೀಗರು ಸಿಡುಕಿದರು. ತಮ್ಮ ಕಂಪ್ಯೂಟರಿನಲ್ಲಿ ಆ ಹೆಸರು ಒತ್ತಿ, ಪರದೆಯ ಮೇಲೆ ಬಂದ ಉತ್ತರವನ್ನು ಅಂಗೈಯಿಂದ ಮುಚ್ಚಿಕೊಂಡರು. "ನೋಡು, ಇದೆ. ನಿನ್ನ ಕೋಡಲ್ಲೇ ಎಲ್ಲೋ ಎಡವಟ್ಟಾಗಿದೆ."

"ಸರ್, ಅದು ನೀವು ಲಾಗಿನ್ ಆಗಿದ್ದೀರಲ್ಲ, ನಿಮಗೆ ಕಾಣ್ತಿದೆ. ಪುಟ ತೋರಿಸೋ ವೆಬ್ ಸರ್ವರ್ ಓಡೋದು ಬೇರೆ ಯೂಸರ್ ಹೆಸರಲ್ಲಿ ಅಲ್ವಾ?" ಎಂದಳು ಟೋಕನ್ ಅಕ್ಕ. "ಕೆಲವರು ಗೇಟಲ್ಲಿ ಕಾವಲಿನವನಿಗೆ ಹೆಸರು ಹೇಳಿ, ಒಳಗೆ ಡಾಕ್ಟ್ರಿಗೂ ಗೊತ್ತಾಯ್ತು ಅಂತ ನೆಮ್ಮದಿಯಾಗಿ ಕೂತುಬಿಡ್ತಾರೆ ಸರ್. ಅಂಥವರನ್ನ ಹನ್ನೊಂದು ವರ್ಷ ನೋಡಿದ್ದೀನಿ. ನೀವು ನಿಮ್ಮ ಲಾಗಿನ್‌ಗೆ ಹೇಳಿದ್ದೀರಿ. ವೆಬ್ ಸರ್ವರ್‌ಗೆ ಯಾರೂ ಹೇಳಿಲ್ಲ."

ಬೀಗರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವಳಿಗೆ ಬಾಗಿಲು ಎಷ್ಟು ಹೆಜ್ಜೆ ದೂರವಿದೆ ಎಂಬುದೇ ಚಿಂತೆ. ಅವರು ಕನ್ನಡಕ ಮತ್ತೆ ಏರಿಸಿ ವೆಬ್ ಸರ್ವರಿನದೇ ಸೆಟ್ಟಿಂಗ್ ತೆರೆದರು, ಎರಡು ಸಾಲು ಬರೆದರು, ಸರ್ವರನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರು.

"ಈಗ ನೋಡು."

ಪರೀಕ್ಷೆಯ ಪುಟ ‘ಇದೆ’ ಎಂದಿತು. ಅವಳು ಮೊದಲು ಮಾಡಿದ ಕೆಲಸವೆಂದರೆ ಆ ಪುಟವನ್ನೇ ಅಳಿಸಿದ್ದು.

"ಅದನ್ನ ಯಾಕೆ ಅಳಿಸಿದೆ?"

"ಕೆಲಸ ಮುಗೀತಲ್ಲ ಸರ್. ಗುಟ್ಟು ಯಾವ ಹೆಸರಲ್ಲಿದೆ ಅಂತ ಊರಿಗೆಲ್ಲ ಯಾಕೆ ತಿಳೀಬೇಕು?"

ಬೀಗರು ನಕ್ಕರು. ಅವರಿಗೆ ಮುಂದಿನ ಹಲ್ಲೊಂದು ಇಲ್ಲವೆಂಬುದು ಆ ಕಟ್ಟಡದಲ್ಲಿ ಅವತ್ತು ಮೊದಲ ಸಲ ಒಬ್ಬರಿಗೆ ಗೊತ್ತಾಯಿತು. "ತಪ್ಪು ನಂದೇ ಕಣಮ್ಮ," ಎಂದರು. "ಮುಂದಿನ ಸಲ ಇಡೋವಾಗ ನೀನೂ ಪಕ್ಕದಲ್ಲಿ ಕೂತ್ಕೋ."

ಅವಳು ಕೆಳಗಿಳಿಯುವಷ್ಟರಲ್ಲಿ ಪುಟದಲ್ಲಿ ಯಂತ್ರಗಳೆಲ್ಲ ಬಂದವೆಂದು ನರ್ಸ್ ಆಗಲೇ ಮೊಗಸಾಲೆಯಲ್ಲಿ ಕೂಗಿ ಹೇಳುತ್ತಿದ್ದಳು. ಗೋಡೆ ಬದಿಯ ಬೆಂಚಿನಲ್ಲಿ ಗಂಡನ ತೋಳು ಹಿಡಿದು ಕೂತಿದ್ದ ಹೆಂಗಸೊಬ್ಬಳು ಫೋನಿನ ಮೇಲೆ ಅನುಮಾನದಿಂದಲೇ ಬೆರಳಾಡಿಸಿದಳು. "ಸಿಕ್ತು ರೀ! ನಾಳಿದ್ದು ಹನ್ನೊಂದು ಗಂಟೆಗೆ, ಆರನೇ ಯಂತ್ರ."

"ಈಗ ಎಲ್ಲಿ ಸಾಲು ನಿಲ್ಲಬೇಕು?" ಗಂಡ ಏಳಲು ಹೊರಟ.

"ಎಲ್ಲೂ ಬೇಡ ಅಣ್ಣ. ಆಯ್ತು, ಮನೆಗೆ ಹೋಗಿ," ಎಂದಳು ಟೋಕನ್ ಅಕ್ಕ.

ಅವನು ಗೋಡೆಯ ಗಡಿಯಾರ ನೋಡಿದ. ಇನ್ನೂ ಒಂಬತ್ತೂ ಆಗಿರಲಿಲ್ಲ. ಹೆಂಡತಿಯ ಕಡೆ ತಿರುಗಿ, ಮೆಲ್ಲಗೆ ಕೇಳಿದ: "ಹಾಗಾದ್ರೆ ಸಾಲಿಗೆ ಅಂತ ಇಟ್ಕೊಂಡಿದ್ದ ಇಷ್ಟು ಹೊತ್ತೂ ಏನು ಮಾಡೋಣ, ಹೇಳು?"