ಮಿತಿ ಬರೆದವನು

"ಒಂಬೈನೂರು ಹೆಚ್ಚಾಗಿದೆ," ಎಂದು ಗುಮಾಸ್ತೆ ಲೆಕ್ಕದ ಪುಸ್ತಕವನ್ನು ಕೌಂಟರಿನಿಂದ ಆಚೆ ತಳ್ಳಿದಳು. "ಹಿಂದಿನ ಹನ್ನೆರಡು ತಿಂಗಳ ಆದಾಯ, ಇವತ್ತಿನದೂ ಸೇರಿ, ಒಂದು ಲಕ್ಷದ ಇಪ್ಪತ್ತು ಸಾವಿರ ದಾಟಬಾರದು. ನಿಮ್ಮದು ದಾಟಿದೆ. ಪರಿಹಾರ ಬರಲ್ಲ. ಮುಂದಿನವರು ಬನ್ನಿ."

ಮುಂದಿನವರು ಬರುವಂತಿರಲಿಲ್ಲ. ಬೋರ್ಡು ಬರೆಯುವ ಪೇಂಟರ್ ಬೇರು ಬಿಟ್ಟವನ ಹಾಗೆ ಅಲ್ಲೇ ನಿಂತಿದ್ದ. ಅರ್ಜಿ ಕೊಡಲು ಇವತ್ತೇ ಕಡೆಯ ದಿನ. ವರ್ಷದ ಮೊದಲರ್ಧ ಕೆಲಸ ಹೇಗೋ ಓಡಿತ್ತು. ಆಮೇಲೆ ಊರಿನ ವ್ಯಾಪಾರವೆಲ್ಲ ಮಕಾಡೆ ಮಲಗಿ, ಅವನಿಗೆ 'ಅಂಗಡಿ ಬಾಡಿಗೆಗಿದೆ' ಎಂದು ಬರೆಯುವುದೊಂದೇ ಉಳಿಯಿತು. ಈಗ ಮುಚ್ಚಲು ಅಂಗಡಿಗಳೂ ಉಳಿಯದೆ ಅದಕ್ಕೂ ಕಲ್ಲು ಬಿತ್ತು. ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣುತ್ತಿತ್ತು. ತಿಂಗಳಿಗೆ ನಾಲ್ಕು ಸಾವಿರದಂತೆ ಮೂರು ತಿಂಗಳು ಸರ್ಕಾರ ಕೊಡುವ ಈ ದುಡ್ಡು ಬಂದರೆ ಬದುಕಿಕೊಂಡಂತೆ.

"ಆ ಪುಸ್ತಕ ತರಬೇಡಿ ಅಂದೆ, ಕೇಳಿದ್ರಾ?" ಪಕ್ಕದಲ್ಲಿದ್ದ ಹೆಂಡತಿ ಪಿಸುಗುಟ್ಟಿದಳು. "ದೊಡ್ಡ ಸತ್ಯಸಂಧರು!"

ಗುಮಾಸ್ತೆಗೂ ಪಾಪ ಅನ್ನಿಸಿರಬೇಕು. ಎಲ್ಲಾದರೂ ಕೂಡಿಸಿದ್ದು ತಪ್ಪಾಗಿದೆಯೇ ಎಂದು ಪುಸ್ತಕವನ್ನು ಮತ್ತೆ ಎಳೆದುಕೊಂಡು ಪುಟ ಮಗುಚಿದಳು. "ಇದೇನ್ರೀ, 'ಕಚೇರಿ ಬೋರ್ಡು, ದೊಡ್ಡದು, ಒಂದೂವರೆ ಸಾವಿರ'? ಯಾವ ಕಚೇರಿ?"

"ನಿಮ್ದೇ ಮೇಡಂ. ನಿಮ್ಮ ತಲೆ ಮೇಲೇ ಇದೆ."

ಅವಳು ಕೌಂಟರಿನಿಂದ ಕತ್ತು ಹೊರಗೆ ಹಾಕಿ ಮೇಲೆ ನೋಡಿದಳು. ನೀಲಿ ಹಲಗೆಯ ಮೇಲೆ ಬಿಳಿ ಅಕ್ಷರ: ಪರಿಹಾರಕ್ಕೆ ಆದಾಯ ಮಿತಿ ಒಂದು ಲಕ್ಷದ ಇಪ್ಪತ್ತು ಸಾವಿರ. ಮಿತಿಯ ಕೆಳಗೆ ಕೆಂಪು ಬಣ್ಣದಲ್ಲಿ ಎರಡು ಗೆರೆ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. "ತನ್ನ ಗುಂಡಿ ತಾನೇ ತೋಡ್ಕೊಂಡಿದ್ದಲ್ದೆ, ಕೆಂಪು ಗೆರೆ ಬೇರೆ ಎಳ್ದಿದ್ದಾನಲ್ಲಪ್ಪಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ಪೇಂಟರ್ ಕೂಡ ನಕ್ಕುಬಿಟ್ಟ. ಅಂಥ ಹೊತ್ತಿನಲ್ಲೂ 'ಲಕ್ಷ'ದ ಕ್ಷ ಎಷ್ಟು ದುಂಡಗೆ ಬಂದಿದೆ ಎಂದು ಅವನಿಗೆ ಹೆಮ್ಮೆಯೇ ಆಯಿತು.

"ಈ ಒಂದೂವರೆ ಸಾವಿರ ಯಾವಾಗ ಕೈಗೆ ಬಂತು?"

"ಎಲ್ಲಿ ಬಂತು ಮೇಡಂ? ಆರು ತಿಂಗಳಾಯ್ತು. ನಾಲ್ಕು ಸಲ ಅಲೆದೆ. ಬಿಲ್ಲು ಮೇಲಕ್ಕೆ ಹೋಗಿದೆ ಅಂತಾರೆ, ಇನ್ನೂ ಕೆಳಗೆ ಇಳಿದಿಲ್ಲ."

"ಮತ್ತೆ ಬರದೇ ಇರೋ ದುಡ್ಡನ್ನ ಬಂತು ಅಂತ ಯಾಕ್ರೀ ಬರ್ಕೊಂಡ್ರಿ?"

"ನಮ್ಮ ಮೇಷ್ಟ್ರು ಕಲಿಸಿದ್ದು ಹಾಗೆ. ಬೋರ್ಡು ಗೋಡೆ ಹತ್ತಿದ ದಿನವೇ ಕೂಲಿ ಪುಸ್ತಕ ಹತ್ತಬೇಕು, ಆಗ ಅದು ದಾರಿ ತಪ್ಪದೆ ಮನೆಗೆ ಬರುತ್ತೆ ಅಂತ. ಮಿಕ್ಕಿದ್ದೆಲ್ಲ ಬಂತು, ಸುಳ್ಳು ಹೇಳಬಾರದು."

ಗುಮಾಸ್ತೆಯ ಮುಖ ಅರಳಿತು. "ಹಾಗಾದ್ರೆ ಇದು ಆದಾಯವೇ ಅಲ್ಲ! ಇದನ್ನ ಕಳೆದ್ರೆ ನೀವು ಮಿತಿಗಿಂತ ಆರುನೂರು ಕಮ್ಮಿ. ಆದ್ರೆ ಕೊಡಬೇಕಾದವರೇ 'ಕೊಟ್ಟಿಲ್ಲ' ಅಂತ ಬರ್ದು ಸಹಿ ಹಾಕ್ಬೇಕು," ಎಂದು ಒಳಗಿನ ಕೋಣೆಯತ್ತ ತಿರುಗಿದಳು. "ಸಾರ್!"

ಸಾಹೇಬರು ಕನ್ನಡಕ ಸರಿಮಾಡಿಕೊಳ್ಳುತ್ತ ಬಂದರು, ಕೇಳಿದರು, ಬೆವರಿದರು. "ನಾವು ಕೊಟ್ಟಿಲ್ಲ ಅಂತ ನಾವೇ ಬರೆದು ಸೀಲು ಹೊಡೆಯೋದಾ? ಮೇಲಿನವರು ನನ್ನ ಚಳಿ ಬಿಡಿಸ್ತಾರೆ." ಅಷ್ಟು ಹೇಳಿ ತಮ್ಮದೇ ಜೇಬಿನಿಂದ ಐನೂರರ ಮೂರು ಗರಿಗರಿ ನೋಟು ತೆಗೆದು ಮುಂದೆ ಚಾಚಿದರು. "ತಗೊಳ್ಳಯ್ಯಾ, ಇಲ್ಲಿಗೆ ಮುಗೀತು. ಬಿಲ್ಲು ಬಂದಾಗ ನಾನು ತಗೋತೀನಿ."

ಆರು ತಿಂಗಳಿಂದ ಕಾದ ದುಡ್ಡು. ಪೇಂಟರನ ಕೈ ತಾನಾಗಿಯೇ ಮೇಲೆದ್ದಿತು. ಹೆಂಡತಿ ಗಬಕ್ಕನೆ ಅವನ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದಳು.

"ಮುಟ್ಟಿದ್ರೆ ನೋಡಿ!" ಎಂದು ಗಂಡನಿಗೆ ಹೇಳಿ, ಸಾಹೇಬರಿಗೆ ಕೈಮುಗಿದಳು. "ಬೇಡ ಸಾರ್, ನಿಮ್ಮ ದಮ್ಮಯ್ಯ. ಆರು ತಿಂಗಳು ಕೊಡದೆ ನಮ್ಮನ್ನ ಕಾಪಾಡಿದ್ದೀರಿ. ಇವತ್ತೊಂದು ದಿನ ಕೊಟ್ಟು ಹಾಳು ಮಾಡಬೇಡಿ."

ಸಾಲು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಾಹೇಬರು ತುಟಿ ಕಚ್ಚಿ ತಡೆದು ನೋಡಿದರು, ಆಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮೂವತ್ತು ವರ್ಷದ ನೌಕರಿಯಲ್ಲಿ ದುಡ್ಡು ಕೊಡಬೇಡಿ ಅಂತ ಕೈಮುಗಿದವರನ್ನ ಇವತ್ತೇ ಕಂಡಿದ್ದು ತಾಯಿ," ಎಂದು ನೋಟುಗಳನ್ನು ಜೇಬಿಗೆ ಹಾಕಿಕೊಂಡು, ಹಾಳೆ ಎಳೆದು, 'ಈ ಕಚೇರಿಯು ಸದರಿಯವರಿಗೆ ಇದುವರೆಗೆ ಏನನ್ನೂ ಪಾವತಿಸಿಲ್ಲ' ಎಂದು ಬರೆದು ಸಹಿ ಹಾಕಿದರು. ಗುಮಾಸ್ತೆ ಅರ್ಜಿಯ ಮೇಲೆ ಧಡ್ ಎಂದು 'ಮಂಜೂರು' ಒತ್ತಿದಳು. ಪೇಂಟರನಿಗೆ ಆದ ಸಂತೋಷ ಹೇಳತೀರದು. ತಿರುಚಿದ ಕೈ ಇನ್ನೂ ನೋಯುತ್ತಿತ್ತು, ಆ ನೋವೂ ಅವನಿಗೆ ಹಿತವಾಗಿತ್ತು. ಹೆಂಡತಿ ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕುವಷ್ಟರಲ್ಲಿ ಪೇಂಟರನ ಹಿಂದಿದ್ದ ಗಡ್ಡದವನು ಕೌಂಟರಿಗೆ ಮುಖ ತೂರಿಸಿದ. "ಮುಚ್ಚಬೇಡಿ ಸಾರ್. ಆ ಹಲಗೆಗೆ ಚೌಕಟ್ಟು ಹೊಡೆದ ಬಡಗಿ ನಾನು."

"ಅದರ ಹಿಂದಿನ ಗೋಡೆಗೆ ಸುಣ್ಣ ಹೊಡೆದೋಳು ನಾನು ಸಾರ್," ಎಂದು ಅವನ ಹಿಂದಿನಿಂದ ಒಬ್ಬಳು ಕೈಯೆತ್ತಿದಳು. ಅವಳ ಹಿಂದೆ ಇನ್ನೊಂದು ಕೈ ಎದ್ದಿತು, ಅದರ ಹಿಂದೆ ಮತ್ತೊಂದು.

ಸಾಹೇಬರು ಕೌಂಟರಿನ ಮೇಲೆ ಬಗ್ಗಿ, ಬಾಗಿಲು ದಾಟಿ ಬೀದಿಗಿಳಿದಿದ್ದ ಸಾಲನ್ನು ಕಣ್ಣು ಹಾಯುವವರೆಗೂ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ನಾವು ದುಡ್ಡು ಕೊಟ್ಟಿರೋರು ಯಾರಾದ್ರೂ ಇದ್ದೀರೇನ್ರಪ್ಪಾ, ಈ ಸಾಲಿನಲ್ಲಿ?"