ಸಿಂಕಿನ ಕೆಳಗಿನ ಬಾಗಿಲು

"ಈ ಅಡುಗೆಮನೇಲಿ ನಿಮ್ಮಿಂದ ಯಾವ ಕಪಾಟಿಗೂ ನಾನು ಬೀಗ ಹಾಕಲ್ಲ, ಅತ್ತೆ" ಎಂದು ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಮಾತು ಕೊಟ್ಟಿದ್ದಳು. ಸಕ್ಕರೆ ಡಬ್ಬಿಯನ್ನೂ ಬೀಗದೊಳಗಿಟ್ಟು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ತಮ್ಮ ಅತ್ತೆಯ ಕಥೆಯನ್ನು ಈ ಅತ್ತೆ ಆಗಷ್ಟೇ ನಗುನಗುತ್ತಾ ಹೇಳಿ, ಕಣ್ಣೊರೆಸಿಕೊಂಡಿದ್ದರು.

ಈಗ ಸೊಸೆ ಸಿಂಕಿನ ಕೆಳಗಿನ ಕಪಾಟಿನ ಮುಂದೆ ಕೂತಿದ್ದಳು. ಮರೆವಿನ ಕಾಯಿಲೆಯ ಅತ್ತೆ ಕಳೆದ ವಾರ ಅದರೊಳಗಿದ್ದ ನೆಲ ಒರೆಸುವ ಲಿಕ್ವಿಡ್ಡನ್ನು ಶರಬತ್ತೆಂದು ಕುಡಿದು ಆಸ್ಪತ್ರೆ ಸೇರಿದ್ದರು. ಅಂಗಡಿಯಿಂದ ತಂದ ಅಂಟಿಸುವ ಲಾಕು ಎಷ್ಟು ಒತ್ತಿದರೂ ಬಾಗಿಲಿನಿಂದ ಕಳಚಿ ಬೀಳುತ್ತಿತ್ತು.

"ಜಿಡ್ಡಿನ ಮೇಲೆ ಏನೇ ಅಂಟುತ್ತೆ, ನಿನ್ನ ತಲೆ! ಸರಿ ಆಚೆ" ಎಂದು ಅತ್ತೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಬಿಸಿನೀರಿಗೆ ಸೋಪು ಕಲಸಿ, ಹಳೆಯ ಬನಿಯನ್ನಿನ ತುಂಡನ್ನು ಅದ್ದಿ ಹಿಂಡಿ, ಹಿಡಿಕೆಯ ಸುತ್ತಲೂ ತಿಕ್ಕಿದರು. ಅಂಚಿನ ಸಂದಿಯ ಕೊಳೆಯನ್ನು ಉಗುರಿನಿಂದಲೇ ಕೆರೆದು ತೆಗೆದರು. ಮಗನ ಹೆಸರು ಮರೆತಿದ್ದರೂ ಕೈ ಈ ಕೆಲಸವನ್ನು ಮರೆತಿರಲಿಲ್ಲ. ಕೊನೆಗೆ ಒಣಬಟ್ಟೆಯಿಂದ ಪಸೆ ಆರುವವರೆಗೆ ಒರೆಸಿದರು.

ಆಗ ಲಾಕಿನ ಪೊಟ್ಟಣದ ಮೇಲಿದ್ದ ಕೂಸಿನ ಚಿತ್ರ ಅವರ ಕಣ್ಣಿಗೆ ಬಿತ್ತು.

"ಮನೇಲಿ ಮಗು ಇದೆಯೇನೇ?"

"ಇದೆ, ಅತ್ತೆ."

"ಮೊದಲೇ ಹೇಳಬಾರದಾ! ಹಾಗಾದ್ರೆ ಭದ್ರವಾಗಿ ಅಂಟಿಸು. ಮಕ್ಕಳ ಕೈ ಸುಮ್ನಿರಲ್ಲ."

ಸೊಸೆ ಅವರ ಮುಖ ನೋಡದೆ ಲಾಕನ್ನಿಟ್ಟು ಒತ್ತಿ ಹಿಡಿದಳು. ಈ ಸಲ ಅಂಟಿತು. ಅವಳು ಕೊಟ್ಟ ಮಾತಿಗೆ ತಪ್ಪಿದಳು.