ಮಿಸುಕಾಡೋ ಹುಳ

"ರೀ, ಫ್ರಿಜ್ಜಲ್ಲಿ ಮೊಸರಿನ ಪಕ್ಕ ಎರೆಹುಳದ ಡಬ್ಬಿ ಇಡ್ತೀರಲ್ಲ, ಹೇಸಿಗೆ ಆಗಲ್ವಾ? ಗಾಳಕ್ಕೆ ರಬ್ಬರ್ ಹುಳ ಸಿಗತ್ತಂತೆ, ಅದನ್ನ ತನ್ನಿ," ಎಂದು ಹೆಂಡತಿ ರೇಗಿದಳು.

"ರಬ್ಬರನ್ನ ಮೀನು ಮೂಸಿಯೂ ನೋಡಲ್ಲ ಕಣೇ. ಹುಳ ಮಿಸುಕಾಡಿದರೇನೇ ಬಾಯಿ ಹಾಕೋದು."

ಆದರೂ ಮನೆಯ ನೆಮ್ಮದಿಗೆಂದು ಗಂಡ ರಬ್ಬರ್ ಹುಳವನ್ನೇ ಕೊಂಡ. ಭಾನುವಾರ ಬಂದರೆ ಕೆರೆಗೆ ಹೋಗುವುದು, ಬರಿಗೈಲಿ ಮರಳುವುದು.

ಒಂದು ಸಂಜೆ ಆಫೀಸಿನಿಂದ ಬಂದವಳೇ ಚಪ್ಪಲಿ ಬಿಡುತ್ತಾ ಕೇಳಿದಳು: "ಬೆಳಿಗ್ಗೆಯೊಳಗೆ ಒಂದು ಹಿಡಿ ಎರೆಹುಳ ತಂದುಕೊಡ್ತೀರಾ?"

ಅವನು ಹಿಗ್ಗಿದ. "ಮೀನು ಸಾರು ನೆನಪಾಯ್ತಾ? ಯಾಕೆ, ನೀನೇ ಹೇಳಿದ ರಬ್ಬರಿನದು ಇದೆಯಲ್ಲ!"

"ಅದಾಗಲ್ಲ, ಮಿಸುಕಾಡೋದೇ ಬೇಕು. ಆಫೀಸಲ್ಲಿ ದಿನಾ ಯಾರೋ ನನ್ನ ಡಬ್ಬಿಯಿಂದ ಶಾವಿಗೆ ಉಪ್ಪಿಟ್ಟು ಕದ್ದು ತಿಂತಿದಾರೆ."